ಸಿಗದವರ ಪಟ್ಟಿ

ನನ್ನ ನೌಕರಿ ಎಂಥದೆಂದು ಎಷ್ಟು ಸಲ ಬಿಡಿಸಿ ಹೇಳಿದರೂ ಅವ್ವನ ತಲೆಗೆ ಹೋಗಲಿಲ್ಲ. ಕೇಳಿದವರಿಗೆಲ್ಲ "ನಮ್ಮಾಂವ ಸಕ್ಕರಿ ಬ್ಯಾನಿ ಆಫೀಸಿನಾಗ ಅದಾನ್ರಿ" ಎನ್ನುತ್ತಿದ್ದಳು. ಅದರ ಫಲವಾಗಿ, ನಾರಾಯಣಪೇಟೆಯಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಮಗ್ಗದ ಮನೆಗಳ ಹಿರಿಯರು ಒಬ್ಬರಲ್ಲ ಒಬ್ಬರು ಅಡ್ಡ ಹಾಕಿ ರಿಪೋರ್ಟು ತೋರಿಸುತ್ತಿದ್ದರು. ಒಬ್ಬರಂತೂ ಚಪ್ಪಲಿ ಕಳಚಿ ಕಾಲನ್ನೇ ನನ್ನ ಮುಂದೆ ಚಾಚಿದ್ದರು. ನಾನು ಡಾಕ್ಟರಲ್ಲ, ಲೆಕ್ಕ ಮಾಡುವವನು ಎಂದರೆ "ಹಂಗಾರ ಲೆಕ್ಕ ಮಾಡಿ ಹೇಳಪ" ಎಂದರು. ಆಗ ನನಗೆ ನಗು ಬಂದಿತ್ತು. ಆ ಕಾಲನ್ನು ನಾನು ನೋಡಲಿಲ್ಲ, ಗಡಿಯಾರ ನೋಡಿದೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ತೆಲಂಗಾಣ ರಾಜ್ಯ ಬಂದು ಮೂರು ವರ್ಷ ಕಳೆದಿದ್ದ ಕಾಲದಲ್ಲಿ ಹೈದರಾಬಾದಿನ ಒಂದು ಸಂಶೋಧನಾ ತಂಡದಲ್ಲಿ ಕೆಲಸ ಸಿಕ್ಕಿತು. ಮಕ್ತಲ್‌ನಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಹೊಸ ಔಷಧಿ ಕಂಡುಹಿಡಿಯುವ ಸಂಶೋಧನೆ ಅದಲ್ಲ. ಸಕ್ಕರೆ ಕಾಯಿಲೆಯವರ ಪಾದವನ್ನು ಆಗಾಗ ನೋಡುತ್ತಿದ್ದರೆ, ಊಟ ಮಾತ್ರೆಯ ಬಗ್ಗೆ ತಿಂಗಳಿಗೊಮ್ಮೆ ಮನೆಗೆ ಹೋಗಿ ಹೇಳುತ್ತಿದ್ದರೆ ಸಕ್ಕರೆ ಹತೋಟಿಗೆ ಬರುತ್ತದೆ, ಕಾಲು ಉಳಿಯುತ್ತದೆ ಎಂದು ದೊಡ್ಡ ಊರಿನ ಆಸ್ಪತ್ರೆಗಳಿಗೆ ಯಾವತ್ತೋ ಗೊತ್ತಾಗಿದೆ. ಗೊತ್ತಿರುವುದು ನಮ್ಮ ಹಳ್ಳಿಗಳಲ್ಲಿ, ನಮ್ಮದೇ ಹೆಣ್ಣುಮಕ್ಕಳ ಕೈಯಲ್ಲಿ, ನಡೆಯುತ್ತದೋ ಇಲ್ಲವೋ ನೋಡುವುದು ನಮ್ಮ ಕೆಲಸ. ಹಳ್ಳಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿದ್ದೆವು. ಒಂದು ಪಾಲಿನ ಊರುಗಳಿಗೆ ನಮ್ಮ ಕಾರ್ಯಕರ್ತೆಯರು ತಿಂಗಳು ತಿಂಗಳು ಹೋಗುತ್ತಿದ್ದರು. ಇನ್ನೊಂದು ಪಾಲಿನವರಿಗೆ ಮೊದಲು ಒಂದು ತಪಾಸಣೆ, ವರ್ಷದ ಮೇಲೆ ಮತ್ತೊಂದು. ನಡುವೆ ಏನೂ ಇಲ್ಲ. ಎಲ್ಲ ಮುಗಿದ ಮೇಲೆ ಅವರಿಗೂ ಮನೆಭೇಟಿ ಶುರು ಮಾಡುವುದೆಂದು ಮಾತು.

ಚೀಟಿ ಎತ್ತಿದವನು ನಾನು. ಎಷ್ಟು ಜನ ಬೇಕು, ಯಾವಾಗ ಅಳೆಯಬೇಕು, ಫಾರಂನಲ್ಲಿ ಯಾವ ಪ್ರಶ್ನೆ ಇರಬೇಕು, ಬಂದ ಉತ್ತರವನ್ನು ಹೇಗೆ ತೂಗಬೇಕು, ಇದೆಲ್ಲ ನನ್ನ ಪಾಲಿನದು. ತಂಡದಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ಮುಖ್ಯಸ್ಥರಾಗಿದ್ದ ಡಾಕ್ಟರ್ ಮೇಡಂ ಹೈದರಾಬಾದಿನಿಂದ ಫೋನ್ ಮಾಡಿದಾಗಲೆಲ್ಲ, ತಾರೀಕಿನ ವಿಷಯ ಬಂದರೆ "ನೀನು ಹೇಳಿದ ಹಾಗೆ" ಎನ್ನುತ್ತಿದ್ದರು. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ನಾನು ಒಂದು ಮಾತು ಹೇಳಿದ್ದರೆ ನಡೆಯುತ್ತಿತ್ತು ಎಂಬುದು ಓದುವವರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಆದರೆ ನನಗೊಂದು ರೋಗವಿತ್ತು. ನಾನು ಎಲ್ಲಿಯವನು ಎಂದು ಹೇಳಲು ನಾಚಿಕೆ.

ನಾನು ಬೆಳೆದದ್ದು ಕೃಷ್ಣಾ ಮಂಡಲದ ಒಂದು ಹಳ್ಳಿಯಲ್ಲಿ. ಅಪ್ಪ ಅಲ್ಲಿನ ಕನ್ನಡ ಶಾಲೆಯಲ್ಲಿ ಮಾಸ್ತರು. ಹೊಳೆ ದಾಟಿದರೆ ಕರ್ನಾಟಕ. ಮನೆಯ ಮಾತು ರಾಯಚೂರಿನ ಕನ್ನಡ, ಕಚೇರಿಯ ಮಾತು ತೆಲುಗು, ಸಂತೆಯ ಮಾತು ಅರ್ಧ ಉರ್ದು. ರಾಜ್ಯದ ಹೋರಾಟದ ದಿನಗಳಲ್ಲಿ ನಾನು ಹೈದರಾಬಾದಿನ ಹಾಸ್ಟೆಲಿನಲ್ಲಿದ್ದೆ. ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ, ನೀನು ಲೋಕಲ್ಲೋ ಅಲ್ಲವೋ. ಹತ್ತನೆಯ ತರಗತಿಯ ಸರ್ಟಿಫಿಕೇಟಿನಲ್ಲಿ ಕನ್ನಡ ಮಾಧ್ಯಮ ಎಂದು ನೋಡಿದವರು "ಅಂದರೆ ನೀನು ಕರ್ನಾಟಕದವನಾ?" ಎನ್ನುತ್ತಿದ್ದರು. ಹೊಳೆಯಾಚೆ ಹೋದರೆ ಅಲ್ಲಿಯವರು "ತೆಲಂಗಾಣದವ್ರೇನ್ರಿ?" ಎನ್ನುತ್ತಿದ್ದರು. ಕೊನೆಗೆ ನಾನು ಪಾಲಮೂರಿನವನು ಎಂದು ಹಳೆಯ ಜಿಲ್ಲೆಯ ಹೆಸರನ್ನಷ್ಟೇ ಚುಟುಕಾಗಿ ಹೇಳಿ, ಅಚ್ಚ ತೆಲಂಗಾಣದ ತೆಲುಗು ಮಾತಾಡಿ ಪಾರಾಗುವುದನ್ನು ಕಲಿತೆ. ತಂಡಕ್ಕೆ ಸೇರಿದಾಗಲೂ ಅದೇ ಹೇಳಿದ್ದೆ. ಕನ್ನಡ ಬರುತ್ತದೆ, ಗಡಿಯಲ್ಲಿ ಕೆಲಸ ಮಾಡಿ ಬಂತು ಎಂದೆ. ಹೆತ್ತವಳು ಕಲಿಸಿದ ಮಾತನ್ನು ಕೆಲಸ ಮಾಡಿ ಕಲಿತೆ ಎಂದ ಬಾಯಿ ಇದು.

ಮೊದಲ ತಪಾಸಣೆ ಯಾವಾಗ ಮಾಡುವುದು ಎಂಬ ಪ್ರಶ್ನೆ ಬಂದಾಗ ಈ ರೋಗ ಉಲ್ಬಣಿಸಿತು. ನಮ್ಮ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಜನ ಪುಣೆ ಮುಂಬೈಗೆ ದುಡಿಯಲು ಹೋಗುವವರು. ಅವರು ಊರಿಗೆ ಬರುವುದು ಅಲಾಯಿಗೆ. ಮೊಹರಮ್ಮಿಗೆ ನಮ್ಮ ಕಡೆ ಅಲಾಯಿ ಎನ್ನುತ್ತಾರೆ. ದೇವರು ಮುಸಲ್ಮಾನರದು, ಹಬ್ಬ ಊರೆಲ್ಲರದು. ಹರಕೆ ಹೊರುವವರು, ದೇವರ ಮುಂದೆ ಮುಲ್ಲಾನಿಂದ ಸಕ್ಕರೆ ಓದಿಸುವವರು, ಹಸ್ತದ ಆಕಾರದ ಪಂಜಾ ದೇವರನ್ನು ಹಿಡಿದು ಕೆಂಡ ಹಾಯುವವರು, ಹೆಜ್ಜೆ ಹಾಕುತ್ತ ಕನ್ನಡದಲ್ಲಿ ಪದ ಹಾಡುವವರು, ಎಲ್ಲರೂ ವಿಭೂತಿ ಹಚ್ಚುವ ಮನೆಯವರೇ. ಬೇರೆ ಯಾವ ಹಬ್ಬ ತಪ್ಪಿದರೂ ಅಲಾಯಿ ತಪ್ಪಿಸುವುದಿಲ್ಲ. ಇದನ್ನು ಹೈದರಾಬಾದಿನ ಮೀಟಿಂಗಿನಲ್ಲಿ, ಕಂಪ್ಯೂಟರಿನ ಪರದೆ ಮುಂದೆ ನಿಂತು, ನಾನು ವಿವರಿಸಬೇಕಿತ್ತು. ಲಿಂಗ ಕಟ್ಟಿದ ನಿಮಗ್ಯಾಕೆ ಮೊಹರಂ, ತೆಲಂಗಾಣದಲ್ಲಿ ಯಾಕೆ ಕನ್ನಡದ ಪದ, ನಿನಗಿದೆಲ್ಲ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ ಎಂದು ಹೆದರಿದೆ.

ನನ್ನ ಅದೃಷ್ಟಕ್ಕೆ ಆ ವರ್ಷ ದಸರಾ ಮತ್ತು ಅಲಾಯಿ ಬೆನ್ನಿಗೆ ಬೆನ್ನು ಹಚ್ಚಿ ಬಂದಿದ್ದವು. "ಜನ ದಸರಾಕ್ಕೆ ಊರಿಗೆ ಬರುತ್ತಾರೆ, ಆಗ ಅಳೆಯೋಣ" ಎಂದುಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ದಸರಾ ಎಲ್ಲರಿಗೂ ಗೊತ್ತಿರುವ ಹಬ್ಬ. ಜನ ಬಂದರು, ಅಳೆದೆವು, ಒಬ್ಬರೂ ತಪ್ಪಲಿಲ್ಲ ಎನ್ನುವಷ್ಟು ಚೆನ್ನಾಗಿ ಆಯಿತು. ವರ್ಷದ ಮೇಲಿನ ತಪಾಸಣೆಯೂ ದಸರಾಕ್ಕೇ ಎಂದು ಯೋಜನೆಯಲ್ಲಿ ಬರೆದೆವು. ಆ ಸಾಲು ಬರೆದದ್ದು ನನ್ನ ಕೈ.

ಆ ಮೊದಲ ತಪಾಸಣೆಯಲ್ಲೇ ನಮ್ಮೂರಿನ ಅಣ್ಣನೊಬ್ಬರು ಬಂದಿದ್ದರು. ಮುಂಬೈಯಲ್ಲಿ ಗಾರೆ ಕೆಲಸ, ವಯಸ್ಸು ಐವತ್ತರ ಆಸುಪಾಸು. ನಮ್ಮೂರ ದೊಡ್ಡ ಅಲಾಯಿ ದೇವರನ್ನು ಹಿಡಿಯುವುದು ಅವರ ಮನೆತನಕ್ಕೆ ಬಂದದ್ದು. ಅಪ್ಪನ ಹತ್ತಿರ ನಾಲ್ಕನೆಯ ತರಗತಿವರೆಗೆ ಓದಿದವರು, ಹಾಗಾಗಿ ನಾನು ಅವರಿಗೆ ಯಾವತ್ತಿದ್ದರೂ ಮಾಸ್ತರ ಮಗ. ನಮ್ಮೂರು ಚೀಟಿಯಲ್ಲಿ ಮನೆಭೇಟಿ ಇಲ್ಲದ ಪಾಲಿಗೆ ಬಿದ್ದಿತ್ತು. ನಮ್ಮ ಕಾರ್ಯಕರ್ತೆ, ಮಕ್ತಲ್‌ನ ಒಬ್ಬ ಅಕ್ಕ, ಅವರನ್ನು ಕೂರಿಸಿ ಪಾದ ತೊಳೆಸಿ, ನೈಲಾನಿನ ಎಳೆಯೊಂದನ್ನು ಬೆರಳಿಗೆ, ಹಿಮ್ಮಡಿಗೆ ಒತ್ತಿ "ಗೊತ್ತಾಗ್ತದೇನಣ್ಣಾ?" ಎಂದು ಕೇಳುತ್ತಿದ್ದರು. ಸಕ್ಕರೆ ಬಹುಕಾಲ ಏರಿ ನಿಂತರೆ ಪಾದದ ಅರಿವು ಹೋಗುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಅದನ್ನು ನೋಡುವ ಪರೀಕ್ಷೆ ಇದು. ಅವರು ಕಣ್ಣು ಮುಚ್ಚಿಕೊಂಡು ಒಂದೂ ಸಲ ಹೌದು ಎನ್ನಲಿಲ್ಲ. ಕಣ್ಣು ತೆರೆದು, "ಯಾವಾಗ ಒತ್ತತೀಯವಾ?" ಎಂದು ಕೇಳಿದರು. ಅಕ್ಕ ಒತ್ತಿ ಮುಗಿಸಿಯಾಗಿತ್ತು.

"ಅಣ್ಣಾ, ಕಾಲಿಗೆ ಅರಿವಿಲ್ಲ ನಿಂದು. ಕೆಂಡ ಗಿಂಡ ಹಾಯಬ್ಯಾಡ ಇನ್ನ ಮ್ಯಾಲೆ" ಎಂದರು ಅಕ್ಕ.

"ಅರಿವಿಲ್ಲ ಅಲ್ಲವಾ, ದೇವ್ರು ಕಾಯ್ತಾನ. ಈಗ ನಾಕು ವರ್ಷಾತು, ಕೆಂಡ ಹೂವಿನಂಗ ಅಕ್ಕಾವ" ಎಂದು ಅವರು ನಕ್ಕರು. ಆಸ್ಪತ್ರೆಗೆ ತೋರಿಸಲು ಒಂದು ಚೀಟಿ ಬರೆದುಕೊಟ್ಟೆವು. ಚೀಟಿ ಜೇಬಿನಲ್ಲಿಟ್ಟುಕೊಂಡು ಎರಡು ದಿನಕ್ಕೆ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರು.

ಮರುವರ್ಷ ಅಧಿಕ ಮಾಸ ಬಂತು. ನಮ್ಮ ಪಂಚಾಂಗ ಒಂದು ತಿಂಗಳು ಹೆಚ್ಚು ಹಾಕಿಕೊಂಡು ದಸರಾವನ್ನು ತಡ ಮಾಡಿತು. ಮುಸಲ್ಮಾನರ ಲೆಕ್ಕದಲ್ಲಿ ಹೆಚ್ಚಿನ ತಿಂಗಳಿಲ್ಲ, ಅವರ ಹಬ್ಬ ವರ್ಷ ವರ್ಷ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಹೋದ ವರ್ಷ ಒಂದೇ ಹಗ್ಗದಲ್ಲಿ ಕಟ್ಟಿದಂತಿದ್ದ ಎರಡು ಹಬ್ಬಗಳ ನಡುವೆ ಈಗ ಹೆಚ್ಚುಕಡಿಮೆ ನಾಲ್ಕು ವಾರ. ಚಿಕ್ಕವನಿದ್ದಾಗಿನಿಂದ ಇದನ್ನು ನೋಡಿದವನು ನಾನು. ಇಡೀ ತಂಡದಲ್ಲಿ ಈ ಲೆಕ್ಕವನ್ನು ತಪಾಸಣೆಯ ತಾರೀಕಿಗೆ ಹೊಂದಿಸಿ ನೋಡಿದವರು ಇಬ್ಬರೇ, ನಾನು ಮತ್ತು ಮಕ್ತಲ್‌ನ ಅಕ್ಕ.

ಅಲಾಯಿಗೆ ಇನ್ನೂ ಇಪ್ಪತ್ತು ದಿನವಿರುವಾಗಲೇ ಅಕ್ಕ ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಂತರು.

"ಸರ್, ಈ ಸಲ ಟೆಸ್ಟ್ ಅಲಾಯಿಗೇ ಮಾಡೂಣ್ರಿ. ದಸರಾಕ್ಕ ಅಂತ ಕುಂತ್ರ ಒಬ್ರೂ ಸಿಗಂಗಿಲ್ಲ."

"ಯೋಜನೆಯಲ್ಲಿ ದಸರಾ ಅಂತ ಇದೆಯಲ್ಲಕ್ಕ."

"ಯೋಜನಿ ಬರದಾವ್ರಿಗೆ ಅಲಾಯಿ ಗೊತ್ತಿಲ್ಲ, ಬಿಡ್ರಿ. ನಿಮಗ ಗೊತ್ತಿಲ್ಲೇನ್ರಿ? ಹ್ವಾದ ವರ್ಷ ಬಂದಾವ್ರು ದಸರಾಕ್ಕ ಬಂದಿದ್ರೇನು? ಅಲಾಯಿ ಮುಗದು ಮೂರನೇ ದಿನಕ್ಕ ಊರು ಖಾಲಿ."

ಯೋಜನೆ ಬರೆದವನು ಎದುರಿಗೇ ಕುಳಿತಿದ್ದ. ಅವರು ಅದನ್ನು ಬಲ್ಲವರಾಗಿ ಹೇಳಿದರೋ ಅರಿಯದೆ ಹೇಳಿದರೋ ಈಗಲೂ ನನಗೆ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಮಾತ್ರ ಸುಮ್ಮನೆ ಫೈಲು ತಿರುವಿದೆ. ಮೇಡಂಗೆ ಕೇಳುತ್ತೇನೆ ಎಂದೆ.

ಕೇಳಲು ಕೂತದ್ದು ನಿಜ. ಪತ್ರ ಟೈಪು ಮಾಡಿದೆ. ತಪಾಸಣೆಯನ್ನು ನಾಲ್ಕು ವಾರ ಮೊದಲೇ ಮಾಡಬೇಕು, ಕಾರಣ, ಎಂದು ಬರೆದು ಅಲ್ಲಿಯೇ ನಿಂತೆ. ಕಾರಣ ಬರೆಯಬೇಕೆಂದರೆ ಹೋದ ವರ್ಷ ದಸರಾ ಎಂದದ್ದು ಅರ್ಧ ಸುಳ್ಳು ಎಂದು ಒಪ್ಪಬೇಕು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದರೆ ನಾನು ಯಾರ ಮಗ, ಯಾವ ಊರಿನವನು ಎಂಬಲ್ಲಿಗೆ ಬರಬೇಕು. ತಾರೀಕು ಬದಲಾಯಿಸಲು ಒಪ್ಪಿಗೆ ಬೇಡುವುದು ನಮ್ಮ ಕೆಲಸದಲ್ಲಿ ದಿನನಿತ್ಯದ ಸಂಗತಿ, ಅದಕ್ಕೆಂದೇ ಒಂದು ಫಾರಂ ಕೂಡ ಇದೆ. ಒಂದು ವಾರದಲ್ಲಿ ಒಪ್ಪಿಗೆ ಬರುತ್ತಿತ್ತು. ನಾನು ಬರೆದದ್ದನ್ನು ಅಳಿಸಿದೆ. ಯೋಜನೆಯ ತಾರೀಕಿಗಿಂತ ನಾಲ್ಕು ವಾರ ಮೊದಲೇ ಅಳೆದರೆ ಹೋಲಿಕೆ ಕೆಡುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ವಿದ್ಯೆ ಇರುವವನಿಗೆ ನೆಪಕ್ಕೆ ಬರವಿಲ್ಲ. ನಾಲ್ಕು ದಿನದ ಮೇಲೆ ಅಕ್ಕ ಕೇಳಿದಾಗ, "ಹೈದರಾಬಾದಿನವರು ಒಪ್ಪಲಿಲ್ಲಕ್ಕ" ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ನೀವು ಕೇಳಿದ್ರಲ್ಲ, ಸಾಕು ಬಿಡ್ರಿ. ದೊಡ್ಡಾವ್ರಿಗೆ ಏನು ಗೊತ್ತಾಗ್ತದ" ಎಂದು ನನ್ನನ್ನೇ ಸಮಾಧಾನ ಮಾಡಿ ಇಳಿದು ಹೋದರು.

ಅಲಾಯಿಯ ಕೊನೆಯ ದಿನ ನಾನು ಊರಿನಲ್ಲಿದ್ದೆ. ಅಪ್ಪ ತೀರಿಕೊಂಡ ಮೇಲೆ ನಾವು ನಾರಾಯಣಪೇಟೆಯಲ್ಲೇ ನೆಲೆಸಿದ್ದರೂ ಅವ್ವನ ಹರಕೆ ಊರ ಅಲಾಯಿಗೇ. ಅವಳನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಆಫೀಸಿನಲ್ಲಿ ಅವ್ವನಿಗೆ ಹುಷಾರಿಲ್ಲ ಎಂದು ರಜೆ ಹಾಕಿದ್ದೆ. ಊರು ತುಂಬಿತ್ತು. ನಮ್ಮ ಪಟ್ಟಿಯಲ್ಲಿದ್ದ ಒಬ್ಬೊಬ್ಬರನ್ನೂ ಕಂಡೆ. ಪುಣೆಯಿಂದ ಬಂದವರು, ಮುಂಬೈಯಿಂದ ಬಂದವರು, ಹೊಸ ಅಂಗಿ, ಹೊಸ ಮೊಬೈಲು. ಒಬ್ಬ ಕಾರ್ಯಕರ್ತೆ, ಒಂದು ಪೆಟ್ಟಿಗೆ, ಶಾಲೆಯ ಕಟ್ಟೆ, ಒಂದೇ ಹಗಲಿನಲ್ಲಿ ಇಡೀ ಊರಿನ ತಪಾಸಣೆ ಮುಗಿಯುತ್ತಿತ್ತು.

ಹೊತ್ತು ಇಳಿಯುವ ಮೊದಲು, ದೇವರುಗಳು ಹೊಳೆಗೆ ಹೊರಡುವ ಮುಂಚೆ, ಆ ಅಣ್ಣ ಪಂಜಾ ಹಿಡಿದು ಕುಣಿಯ ಕೆಂಡದ ಮೇಲೆ ನಡೆದರು. ಉಳಿದವರು ಓಡಿ ದಾಟುವ ಕಡೆ ಇವರು ನಡೆದರು. ಜನ ಕೈ ಮುಗಿದರು. ಅವ್ವನೂ ಮುಗಿದಳು. ಆ ನಡಿಗೆ ಯಾಕೆ ಅಷ್ಟು ನಿಧಾನ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಫಾರಂನಲ್ಲಿ ಎರಡೂ ಪಾದಗಳ ಚಿತ್ರದ ಮೇಲೆ ಅಕ್ಕ ಹಾಕಿದ 'ಅರಿವಿಲ್ಲ' ಎಂಬ ಗುರುತುಗಳನ್ನು ಕಂಪ್ಯೂಟರಿಗೆ ಏರಿಸಿದವನು ನಾನೇ.

ದಾಟಿ ಬಂದವರು ಪಂಜಾ ಇನ್ನೊಬ್ಬರ ಕೈಗೆ ಕೊಟ್ಟು ನನ್ನ ಹತ್ತಿರವೇ ಬಂದರು. ಮೈ ಬೆವತಿತ್ತು, ಕಾಲೆಲ್ಲ ಬೂದಿ.

"ಮಾಸ್ತರ ಮಗ ಬಂದೀರೇನ್ರಿ! ಈ ಸಲ ಟೆಸ್ಟ್ ಇಲ್ಲೇನ್ರಿ? ನಾವೆಲ್ಲ ಕಾಯಾಕ ಹತ್ತೀವಿ. ವರ್ಷದಾಗ ಸಕ್ಕರಿ ಎಷ್ಟಾಗ್ಯದ ನೋಡಬೇಕಂತ ಆಸಿ ಆಗ್ಯದ ನನಗ."

"ದಸರಾಕ್ಕ ಅಣ್ಣಾ" ಎಂದೆ.

"ದಸರಾಕ್ಕ ನಾವೆಲ್ಲಿರ್ತೀವ್ರಿ?" ಎಂದು ನಕ್ಕು, ಓದಿಸಿದ ಸಕ್ಕರೆ ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿದರು.

ಅವರ ಕಾಲು ನೋಡಿದೆ. ಬೂದಿಯ ಕೆಳಗೆ ಏನಿದೆ ಕಾಣುತ್ತಿರಲಿಲ್ಲ. ಅಣ್ಣಾ, ಸ್ವಲ್ಪ ಕಾಲು ತೊಳಿ, ನೋಡೋಣ ಎನ್ನಬಹುದಿತ್ತು. ಒಂದು ಚೊಂಬು ನೀರಿನ ಕೆಲಸ. ನಮ್ಮ ಮಾವಂದಿರು, ಊರ ಗೌಡರು ಎಲ್ಲ ಸುತ್ತ ನಿಂತಿದ್ದರು. ದೇವರ ಕೆಲಸ ಮಾಡಿ ಬಂದವರಿಗೆ ಕಾಲು ತೋರಿಸು ಎಂದರೆ ಏನಂದುಕೊಂಡಾರು ಎಂದು ಸುಮ್ಮನಾದೆ. ಹೈದರಾಬಾದಿನಲ್ಲಿ ಊರಿನವನು ಎನ್ನಲು ನಾಚಿಕೆ, ಊರಿನಲ್ಲಿ ಹೈದರಾಬಾದಿನ ಕೆಲಸದವನು ಎನ್ನಲು ನಾಚಿಕೆ. ಅಂಗೈಯ ಸಕ್ಕರೆ ಬಾಯಿಗೆ ಹಾಕಿಕೊಂಡು ಅವ್ವನನ್ನು ಕರೆದುಕೊಂಡು ಬಸ್ಸಿಗೆ ನಡೆದೆ.

ದಸರಾಕ್ಕೆ ಅಕ್ಕ ನಮ್ಮೂರಿಗೆ ಹೋಗಿ ಫೋನ್ ಮಾಡಿದರು. "ಕೀಲಿ ಹಾಕ್ಯಾವ್ರಿ ಮನಿ. ಮುದುಕ್ರು ಅದಾರ, ಉಳದಾವ್ರು ಇಲ್ಲ. ಏನಂತ ಬರೀಲಿ?" ನಮ್ಮ ಫಾರಂನಲ್ಲಿ ಇದಕ್ಕೆ ಸಿದ್ಧ ಉತ್ತರಗಳಿದ್ದವು: ತೀರಿಕೊಂಡರು, ನಿರಾಕರಿಸಿದರು, ಸಿಗಲಿಲ್ಲ. "ಸಿಗಲಿಲ್ಲ ಅಂತ ಬರೀರಿ" ಎಂದೆ. ಅಕ್ಕ ಒಂದೊಂದೇ ಹೆಸರು ಓದಿ, "ಸಿಗಲಿಲ್ಲ, ಸಿಗಲಿಲ್ಲ" ಎಂದು ಅವರೇ ಹೇಳುತ್ತ ಬರೆದುಕೊಂಡರು. ಆ ಅಣ್ಣನ ಹೆಸರಿಗೂ ಹಾಗೇ ಅಂದರು. ನಾಲ್ಕು ವಾರದ ಹಿಂದೆ ನನ್ನ ಕೈಗೆ ಸಕ್ಕರೆ ಹಾಕಿದವರು ನನ್ನ ಪುಸ್ತಕದಲ್ಲಿ ಸಿಗದವರಾದರು.

ಮುಂದಿನದು ಪೂರ್ತಿ ನನ್ನ ಕಲೆ. ಸಂಶೋಧನೆಯಲ್ಲಿ ಅಂಕಿ ತುಂಬುವ ಕೋಷ್ಟಕದ ಕೆಲವು ಮನೆಗಳು ಖಾಲಿ ಉಳಿದೇ ಉಳಿಯುತ್ತವೆ, ಅವನ್ನು ಬಿಟ್ಟು ಲೆಕ್ಕ ಹಾಕಿದರೆ ತಪ್ಪು ಉತ್ತರ ಬರಬಹುದು. ಅದಕ್ಕೊಂದು ಒಪ್ಪಿತವಾದ ವಿಧಾನವಿದೆ. ಸಿಗದವನ ವಯಸ್ಸು, ಮೊದಲ ಸಲದ ಸಕ್ಕರೆ, ತೂಕ ಇವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ, ಅವನಂಥವರೇ ಆದ ಸಿಕ್ಕವರನ್ನು ನೋಡಿ ಅವನಿಗೂ ಒಂದು ಅಂಕಿ ಊಹಿಸಿ ತುಂಬುತ್ತದೆ. ಒಂದು ಸಲವಲ್ಲ, ಹಲವು ಸಲ ತುಂಬಿ, ಎಲ್ಲವನ್ನೂ ಕೂಡಿಸಿ ನೋಡಬೇಕು. ವಿಧಾನದಲ್ಲಿ ಮೋಸವಿಲ್ಲ. ಸಿಗದೆ ಹೋದದ್ದಕ್ಕೂ ಅವರ ಕಾಯಿಲೆಗೂ ಬೇರೆ ಸಂಬಂಧವಿಲ್ಲ ಎಂದು ನಂಬಿದರೆ ಮಾತ್ರ ಅದು ಸರಿ. ನಂಬಿಕೆಯ ಆ ಸಾಲನ್ನು ನಾನು ಬರೆದೆ. ಮೊದಲ ಕರಡಿಗೆ ತುಂಬಿದ ಅಂಕಿಗಳಲ್ಲಿ ಆ ಅಣ್ಣನದನ್ನು ಬೇಕೆಂದೇ ಹುಡುಕಿ ನೋಡಿದ್ದೆ. ಸಕ್ಕರೆ ಸಾಕಷ್ಟು ಇಳಿದಿತ್ತು. ನೋಡಿ ನೆಮ್ಮದಿಯಾಯಿತು. ಕಂಪ್ಯೂಟರ್ ಕಟ್ಟಿದ ಕತೆಗೆ ಕತೆ ಬರೆಸಿದವನೇ ಸಮಾಧಾನಪಟ್ಟ.

ಸಿಗದವರನ್ನೆಲ್ಲ ಸಕ್ಕರೆ ಏರಿದವರೆಂದು ಹಿಡಿದು ಒಮ್ಮೆ, ಸುಧಾರಿಸಿದವರೆಂದು ಹಿಡಿದು ಒಮ್ಮೆ ಲೆಕ್ಕ ಹಾಕಿದೆ. ಖಾಲಿ ಮನೆಗಳು ಎರಡೂ ಪಾಲಿನ ಊರುಗಳಲ್ಲಿ ಸಮನಾಗಿ ಬಿದ್ದಿದ್ದರಿಂದ ಉತ್ತರ ಅಲುಗಲಿಲ್ಲ. ಮನೆಭೇಟಿಯಿಂದ ಲಾಭವಿದೆ ಎಂದೇ ಬಂತು. ವರದಿಯಲ್ಲಿ "ವಲಸೆಯ ಕಾರಣ ಕೆಲವರು ಲಭ್ಯರಾಗಲಿಲ್ಲ" ಎಂದು ಒಂದು ಸಾಲು ಹಾಕಿದೆ. ಮೇಡಂ ಎಲ್ಲರ ಮುಂದೆ ನನ್ನ ಲೆಕ್ಕವನ್ನು ಹೊಗಳಿದರು. ಊಟಕ್ಕೆ ಕರೆದುಕೊಂಡು ಹೋದರು. ನಾನು ಚೆನ್ನಾಗಿ ತಿಂದೆ.

ನಾರಾಯಣಪೇಟೆ ಜಿಲ್ಲೆಯಾಯಿತೆಂದು ಊರವರು ಪಟಾಕಿ ಹೊಡೆದು ಪೇಡೆ ಹಂಚಿದ್ದರು. ಆಮೇಲೆ ಕೆಲವು ದಿನಕ್ಕೆ ನಾನು ಮಕ್ತಲ್ ಆಫೀಸನ್ನು ಮುಚ್ಚಲು ಹೋಗಿದ್ದೆ. ತಪಾಸಣೆಗೆ ಬಂದವರಿಗೆಲ್ಲ ಎರಡು ಸಲದ ಸಕ್ಕರೆ ಬರೆದ ಕಾರ್ಡು ಕೊಡಬೇಕಿತ್ತು. ಅಕ್ಕ ಕಾರ್ಡುಗಳನ್ನು ಊರುವಾರು ಜೋಡಿಸುತ್ತ, ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಎರಡನೆಯ ತಪಾಸಣೆಯ ಮನೆ ಖಾಲಿ ಇತ್ತು.

"ಅಲಾಯಿ ಹಿಡಿಯೋ ಅಣ್ಣಂದ್ರಿ ಇದು. ಕಾಲು ತಗದಾರಂತ್ರಿ, ಮಣಕಾಲ ತಳಗ. ಅಲಾಯಿಯೊಳಗ ಸುಟ್ಟಿದ್ದು ಗೊತ್ತೇ ಆಗಿಲ್ಲಂತ. ಮುಂಬೈದಾಗ ಬೂಟಿನಾಗ ಹುಳ ಬಿದ್ದ ಮ್ಯಾಲೆ ಬೇರೇದಾವ್ರು ನೋಡ್ಯಾರ. ಈಗ ಗದ್ವಾಲದಾಗ ಮಗಳ ಮನ್ಯಾಗ ಅದಾರ."

ಅಕ್ಕ ಕಾರ್ಡನ್ನು ನನ್ನ ಕಡೆ ಸರಿಸಿದರು. "ನೀವೇ ಕೊಟ್ಟು ಬರ್ರಿ ಸರ್. ನಿಮ್ಮೂರಾವ್ರಲ್ಲ." ನನ್ನ ಊರು ಯಾವುದೆಂದು ನಾನು ಅವರಿಗೆ ಎಂದೂ ಹೇಳಿರಲಿಲ್ಲ.

ಆ ತಪಾಸಣೆ ಅಲಾಯಿಗೇ ಆಗಿದ್ದರೆ ಕಾಲು ಉಳಿಯುತ್ತಿತ್ತು ಎಂದು ಖಚಿತವಾಗಿ ಹೇಳಲಾರೆ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳಬಾರದು ಎಂದೇ ನನಗೆ ಕಲಿಸಿದ್ದು, ನಾನೂ ಹತ್ತಾರು ಜನರಿಗೆ ಹಾಗೇ ಕಲಿಸಿದ್ದೇನೆ. ಮಕ್ತಲ್‌ನಿಂದ ಗದ್ವಾಲಕ್ಕೆ ಹೋಗುವ ಬಸ್ಸಿನಲ್ಲಿ ಈ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿಕೊಂಡೆ, ಅದು ಕಿಂಚಿತ್ತೂ ಕೆಲಸಕ್ಕೆ ಬರಲಿಲ್ಲ. ತಪಾಸಣೆ ಆಗಿದ್ದರೆ ಅಕ್ಕ ಆ ಪಾದ ತೊಳೆಸಿ ನೋಡುತ್ತಿದ್ದರು. ಅಷ್ಟಂತೂ ಖಚಿತ. ಎಲ್ಲ ಹೇಳಿಬಿಡಬೇಕು ಎಂದು ನಿರ್ಧರಿಸಿದೆ. ತಾರೀಕು ಬದಲಾಯಿಸಲು ನಾನು ಕೇಳಲೇ ಇಲ್ಲ, ಅಕ್ಕನಿಗೆ ಸುಳ್ಳು ಹೇಳಿದೆ, ನಿಮ್ಮ ಹಬ್ಬದ ಹೆಸರು ಹೇಳಲು ನಾಚಿದೆ. ಮೂರು ಮಾತು. ಗದ್ವಾಲದಲ್ಲಿ ಇಳಿಯುವವರೆಗೆ ಅವನ್ನೇ ಬಾಯಿಪಾಠ ಮಾಡಿದೆ.

ಮಗಳ ಮನೆ ಕೋಟೆಯ ಹಿಂದಿನ ಓಣಿಯಲ್ಲಿತ್ತು. ಅವರು ಬಾಗಿಲ ಬಳಿ ಕುರ್ಚಿಯ ಮೇಲೆ ಕೂತಿದ್ದರು. ಪಂಚೆಯ ಒಂದು ಬದಿ ಮಡಚಿ ತೊಡೆಯ ಕೆಳಗೆ ಸಿಕ್ಕಿಸಿತ್ತು. ನನ್ನನ್ನು ಕಂಡು ಏಳಲು ಹೋಗಿ, ನೆನಪಾಗಿ, ಮತ್ತೆ ಕೂತರು. ಒಳಗಿನಿಂದ ಹೆಂಡತಿಯನ್ನು ಕರೆದು, "ನಮ್ಮ ಮಾಸ್ತರ ಮಗ, ಇಲ್ಲಿತನಕ ಹುಡಿಕ್ಯಂಡು ಬಂದಾರ ನೋಡು" ಎಂದರು. ನಾನು ಕಾರ್ಡು ಕೊಟ್ಟೆ. ತಿರುಗಿಸಿ ನೋಡಿ, ಖಾಲಿ ಮನೆಯ ಮೇಲೆ ಬೆರಳಿಟ್ಟರು.

"ಇಲ್ಲೇನು ಬರದೀರಿ?"

"ಸಿಗಲಿಲ್ಲ ಅಂತ ಬರದೀವಿ ಅಣ್ಣಾ."

"ಖರೆ ಐತಿ. ನಾ ಇನ್ನ ಸ್ವಲ್ಪ ದಿನ ನಿಂತಿದ್ರ ಸಿಗತಿದ್ದೆ. ಕೆಲಸ ಕೊಡೋ ಮುಕದ್ದಮ ಫೋನ್ ಮ್ಯಾಲೆ ಫೋನ್ ಮಾಡಾಕ ಹತ್ತಿದ್ದ, ಹ್ವಾದೆ." ಹೆಂಡತಿಯ ಕಡೆ ತಿರುಗಿ ಹೇಳಿದರು: "ಅಲಾಯಿಗೇ ಟೆಸ್ಟ್ ಮಾಡ್ರಿ ಅಂತ ಇವ್ರು ಹೈದರಾಬಾದಿನಾವ್ರಿಗೆ ಕೇಳಿದ್ರಂತ. ಅವ್ರು ಒಪ್ಪಲಿಲ್ಲಂತ. ಮಕ್ತಲ್ ಅಕ್ಕ ಹೇಳಿದ್ಲು. ನಮಗ ಅಂತ ಕೇಳಾಕ ಒಬ್ರು ಇದ್ರಲ್ಲ ಅಲ್ಲಿ."

ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ನನಗೆ ಕೈ ಮುಗಿದರು.

ಬಾಯಿಪಾಠ ಮಾಡಿದ್ದ ಮೂರು ಮಾತೂ ನೆನಪಿನಲ್ಲೇ ಇದ್ದವು. ಅಣ್ಣಾ ಎಂದು ಶುರು ಮಾಡಿದೆ, ಆಕೆಯ ಮುಗಿದ ಕೈ ನೋಡಿ ನಿಂತೆ. ಹೇಡಿ. ಆ ಕ್ಷಣಕ್ಕೆ ನನ್ನ ಬಗ್ಗೆ ಬೇರೆ ಪದ ನನಗೆ ಸಿಕ್ಕಿಲ್ಲ.

ನಾನು ತಡವರಿಸಿದ್ದನ್ನು ಕಂಡು ಅವರಿಗೆ ಬೇರೇನೋ ಅನಿಸಿತು. ಮುಖ ಸಣ್ಣ ಮಾಡಿಕೊಂಡು, ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ ಕೇಳಿದರು.

"ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೀನಿ. ನಾ ಸಿಗಲಾರ್ದಕ್ಕ ನಿಮ್ಮ ಕೆಲಸ ಏನರ ಕೆಟ್ಟಿತೇನ್ರಿ?"

ಎಲ್ಲ ಬಗೆಯಲ್ಲೂ ಲೆಕ್ಕ ಹಾಕಿ ನೋಡಿದವನು ನಾನು. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲಣ್ಣಾ" ಎಂದೆ. "ಏನೂ ಕೆಟ್ಟಿಲ್ಲ."

ಅವರ ಮುಖ ಹಗುರಾಯಿತು. ಕಾರ್ಡನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು ಹೆಂಡತಿಗೆ ಹೇಳಿದರು, "ಕೇಳಿದೇನು? ಏನೂ ಕೆಟ್ಟಿಲ್ಲಂತ."